ಇಂಗ್ಲಿಷ್ ಪತ್ರದಲ್ಲಿ ಇನ್, ಆನ್, ಅಟ್, ಬೈ: ಯಾವುದನ್ನು ಎಲ್ಲಿ ಹಾಕುವುದು?

ಕಟಪಾಡಿ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಮಹಾಸಭೆಗೆ ನೋಟಿಸ್ ಕಳಿಸಬೇಕು. ಊರಿನವರಿಗೆ ಕನ್ನಡದಲ್ಲೇ ಹೋಗುತ್ತದೆ, ಅದರಲ್ಲಿ ತಕರಾರಿಲ್ಲ. ಮುಂಬೈಯಲ್ಲಿ, ಗಲ್ಫಿನಲ್ಲಿ ಇರುವ ಸದಸ್ಯರ ಮಕ್ಕಳಿಗೆ ಕನ್ನಡ ಓದಲು ಕಷ್ಟ, ಅವರಿಗಾಗಿ ಇಂಗ್ಲಿಷಿನಲ್ಲೂ ಒಂದು ಪ್ರತಿ ಬೇಕು. ಸಮಿತಿಯಲ್ಲಿ ತಯಾರಾದ ಕರಡು ಇದು:

‘ದ ಮೀಟಿಂಗ್ ವಿಲ್ ಬಿ ಹೆಲ್ಡ್ ಇನ್ ಸಂಡೇ, ಬಿಟ್ವೀನ್ 10 ಟು 12, ಅಟ್ ದ ಸ್ಕೂಲ್ ಹಾಲ್, ಆಪೊಸಿಟ್ ಟು ಬಸ್ ಸ್ಟ್ಯಾಂಡ್. ವಿ ವಿಲ್ ಡಿಸ್ಕಸ್ ಅಬೌಟ್ ದ ಬಿಲ್ಡಿಂಗ್ ಫಂಡ್. ಪ್ಲೀಸ್ ಸೆಂಡ್ ಯುವರ್ ನೇಮ್ಸ್ ಅಂಟಿಲ್ ಫ್ರೈಡೇ.’

ಓದಿದವರೆಲ್ಲ ಒಂದೊಂದು ಥರ ತಿದ್ದಿದ್ದಾರೆ. ಒಬ್ಬರು ‘ಇನ್ ದ ಹಾಲ್’ ಆಗಬೇಕು ಅಂತಾರೆ, ಇನ್ನೊಬ್ಬರು ‘ವಿದಿನ್ ಫ್ರೈಡೇ’ ಅಂತಾರೆ. ದೊಡ್ಡ ಶಬ್ದಗಳ ವಿಷಯದಲ್ಲಿ ಯಾರಿಗೂ ಜಗಳ ಇಲ್ಲ, ಟೆನ್ಸ್ ಕೂಡ ಹೇಗೋ ಆಗುತ್ತದೆ. ಪ್ರತಿ ಸಲ ಸಿಕ್ಕಿಬೀಳುವುದು ಈ ಎರಡಕ್ಷರದ ಶಬ್ದಗಳಲ್ಲಿ, ಪ್ರಿಪೊಸಿಷನ್ ಅಂತಾರಲ್ಲ, ಅದರಲ್ಲಿ. ಇದಕ್ಕೆ ನಿಯಮ ಅಂತ ಉಂಟಾ, ಅಥವಾ ಬಾಯಿಪಾಠ ಮಾಡುವುದೇ ದಾರಿಯಾ?

ಕುಡ್ಲ ಕರಡು:
ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವ. ಮೊದಲು ನಿಮ್ಮ ನೋಟಿಸ್ ಮುಗಿಸಿಬಿಡೋಣ.

ವಾರದ ಹೆಸರು ಬಂದರೆ ‘ಆನ್’, ಹಾಗಾಗಿ ‘ಆನ್ ಸಂಡೇ’. ‘ಬಿಟ್ವೀನ್’ ಬಂದರೆ ‘ಆ್ಯಂಡ್’ ಬರಬೇಕು, ‘ಫ್ರಮ್’ ಬಂದರೆ ‘ಟು’ ಬರಬೇಕು. ಇವನ್ನು ಬೆರಕೆ ಮಾಡಬಾರದು. ಸಭೆಗಾದರೆ ‘ಫ್ರಮ್ 10 ಟು 12’ ಅಂತಲೇ ಹಾಕಿ. ‘ಬಿಟ್ವೀನ್ 10 ಆ್ಯಂಡ್ 12’ ಅಂದರೆ ಆ ಹೊತ್ತಿನಲ್ಲಿ ಯಾವಾಗ ಬೇಕಾದರೂ ಬಂದು ಮುಖ ತೋರಿಸಿ ಹೋಗಬಹುದು ಅಂತ ಜನ ತಿಳಿದುಕೊಳ್ಳುತ್ತಾರೆ. ರಕ್ತದಾನ ಶಿಬಿರಕ್ಕೆ ಅದು ಸರಿ, ಮಹಾಸಭೆಗೆ ಅಲ್ಲ. ‘ಅಟ್ ದ ಸ್ಕೂಲ್ ಹಾಲ್’, ‘ಇನ್ ದ ಸ್ಕೂಲ್ ಹಾಲ್’ ಎರಡೂ ನಡೆಯುತ್ತದೆ, ಅದಕ್ಕೆ ಜಗಳ ಬೇಡ. ‘ಆಪೊಸಿಟ್ ದ ಬಸ್ ಸ್ಟ್ಯಾಂಡ್’, ನಡುವೆ ‘ಟು’ ಬೇಡ. ‘ಡಿಸ್ಕಸ್ ದ ಬಿಲ್ಡಿಂಗ್ ಫಂಡ್’, ‘ಅಬೌಟ್’ ಬೇಡ. ಕೊನೆಗೆ ‘ಬೈ ಫ್ರೈಡೇ’.

ಹಂಪನಕಟ್ಟೆ ಹರಟೆ:
ಈ ನೋಟಿಸ್ ಹಾಗೇ ಹೋದರೂ ಎಲ್ಲರಿಗೂ ಅರ್ಥ ಆಗುತ್ತದೆ ಮಾರಾಯ್ರೆ. ಸುಮ್ನೆ ತಲೆ ಕೆಡಿಸಿಕೊಳ್ಳುವುದು ಎಂತಕೆ?

ಬಿಜೈ ವಕೀಲೆ:
ಎಲ್ಲ ಕಡೆ ಅರ್ಥ ಆಗುವುದಿಲ್ಲ. ಇದರಲ್ಲೇ ನೋಡಿ, ‘ಅಂಟಿಲ್ ಫ್ರೈಡೇ’ ಅಂದರೆ ಶುಕ್ರವಾರದವರೆಗೂ ಹೆಸರು ಕಳಿಸುತ್ತಲೇ ಇರಿ ಅಂತ ಆಗುತ್ತದೆ. ಒಂದು ಕೆಲಸ ನಿಲ್ಲದೆ ಅಲ್ಲಿಯ ತನಕ ನಡೆಯುತ್ತಿದ್ದರೆ ‘ಅಂಟಿಲ್’: ‘ದ ಆಫೀಸ್ ವಿಲ್ ಬಿ ಓಪನ್ ಅಂಟಿಲ್ ಫ್ರೈಡೇ’. ಒಂದೇ ಸಲ ಮಾಡಿ ಮುಗಿಸುವ ಕೆಲಸಕ್ಕೆ ಗಡುವು ಹೇಳುವುದಾದರೆ ‘ಬೈ’. ನಮ್ಮ ಭಾಷೆಯಲ್ಲೂ ಈ ವ್ಯತ್ಯಾಸ ಚೆನ್ನಾಗಿ ಉಂಟಲ್ಲ, ಶುಕ್ರವಾರದೊಳಗೆ ಕಟ್ಟಿ, ಶುಕ್ರವಾರದವರೆಗೆ ತೆರೆದಿರುತ್ತದೆ. ಆದರೆ ‘ಒಳಗೆ’ ಅಂತ ಉಂಟಲ್ಲ ಅಂದುಕೊಂಡು ‘ವಿದಿನ್ ಫ್ರೈಡೇ’ ಬರೆಯಬೇಡಿ. ‘ವಿದಿನ್’ ಆದ ಮೇಲೆ ಒಂದು ಅವಧಿ ಬರಬೇಕು, ವಿದಿನ್ ತ್ರೀ ಡೇಸ್, ವಿದಿನ್ ಎ ವೀಕ್. ಒಂದು ದಿನದ ಹೆಸರು ಬಂದರೆ ಆಗುವುದಿಲ್ಲ.

ಇನ್ನೊಂದು. ‘ಐ ವಿಲ್ ಪೇ ಇನ್ ತ್ರೀ ಡೇಸ್’ ಅಂದರೆ ಸಾಮಾನ್ಯವಾಗಿ ಮೂರು ದಿನ ಕಳೆದ ಮೇಲೆ. ‘ವಿದಿನ್ ತ್ರೀ ಡೇಸ್’ ಅಂದರೆ ಮೂರು ದಿನದೊಳಗೆ ಯಾವಾಗಲಾದರೂ. ಬಾಡಿಗೆ ಕರಾರಿನಲ್ಲಿ, ಸಾಲದ ಪತ್ರದಲ್ಲಿ ಇದಕ್ಕೇ ಜಗಳ ಹುಟ್ಟುವುದು.

ಕಾನೂನಿನಲ್ಲಂತೂ ಪ್ರಿಪೊಸಿಷನ್ನಿಗೆ ಕಲಮ್ಮೇ ಉಂಟು. 1897ರ ಜನರಲ್ ಕ್ಲಾಸಸ್ ಆ್ಯಕ್ಟಿನ 9ನೇ ಕಲಮು ನೋಡಿ. ಕಾಯ್ದೆಯಲ್ಲಿ ದಿನ ಲೆಕ್ಕ ಹಾಕುವಾಗ ಮೊದಲ ದಿನವನ್ನು ಬಿಡಬೇಕಾದರೆ ‘ಫ್ರಮ್’ ಅಂತ ಬರೆದರೆ ಸಾಕು, ಕೊನೆಯ ದಿನವನ್ನು ಸೇರಿಸಬೇಕಾದರೆ ‘ಟು’ ಅಂತ ಬರೆದರೆ ಸಾಕು ಅಂತ ಅಲ್ಲಿ ಹೇಳಿದೆ. ಆದೇಶ ಒಂದನೇ ತಾರೀಕಿಗೆ ಕೈಗೆ ಬಂದು, ‘ಫ್ರಮ್’ ಆ ದಿನದಿಂದ 30 ದಿನ ಅಂತ ಇದ್ದರೆ ಲೆಕ್ಕ ಎರಡನೇ ತಾರೀಕಿಗೆ ಶುರು. ಒಂದು ದಿನ ಹೆಚ್ಚುಕಮ್ಮಿ ಆದರೆ ಅಪೀಲೇ ಹೋಯಿತು.

ಕಟಪಾಡಿ ಕಾರ್ಯದರ್ಶಿ:
ಇದು ನನಗೆ ಹೊಸ ವಿಷಯ ಮೇಡಂ. ಸಮಿತಿಯ ಗ್ರೂಪಿಗೆ ಈಗಲೇ ಹಾಕುತ್ತೇನೆ.

ಕುಂದಾಪುರ ಮೇಷ್ಟ್ರು:
ನಿಯಮ ಉಂಟಾ ಅಂತ ಕೇಳಿದ್ದೀರಿ. ಅರ್ಧಕ್ಕೆ ಉಂಟು, ಅರ್ಧಕ್ಕೆ ಇಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಗ ನಾನು ಮಕ್ಕಳಿಗೆ ಹೇಳುತ್ತಿದ್ದುದು ಇದನ್ನೇ. ಜಾಗಕ್ಕೂ ಹೊತ್ತಿಗೂ ನಿಯಮ ಕಲಿಯಿರಿ. ಕ್ರಿಯಾಪದದ ಬಾಲಕ್ಕೆ ಬರುವುದನ್ನು ಆ ಪದದ ಜೊತೆಗೇ ಕಲಿಯಿರಿ. ಈ ಎರಡನ್ನು ಬೇರೆ ಮಾಡಿಕೊಳ್ಳದೆ ಹೋದರೆ ಜೀವಮಾನವಿಡೀ ಗೊಂದಲ.

ಹೊತ್ತಿನದು ಸುಲಭ. ಗಡಿಯಾರದ ಗಂಟೆಗೆ ‘ಅಟ್’, ದಿನಕ್ಕೂ ತಾರೀಕಿಗೂ ‘ಆನ್’, ತಿಂಗಳಿಗೂ ವರ್ಷಕ್ಕೂ ‘ಇನ್’. ಮಂಗಳೂರಿನ ಹೆಸರು ಇಂಗ್ಲಿಷಿನಲ್ಲೂ ಮಂಗಳೂರು ಅಂತಲೇ ಆದದ್ದು ‘ಆನ್ 1 ನವೆಂಬರ್ 2014’. ತಾರೀಕು ಬಿಟ್ಟರೆ ‘ಇನ್ ನವೆಂಬರ್ 2014’, ತಿಂಗಳೂ ಬಿಟ್ಟರೆ ‘ಇನ್ 2014’. ಬೆಳಿಗ್ಗೆಗೆ ‘ಇನ್ ದ ಮಾರ್ನಿಂಗ್’, ಆದರೆ ಯಾವ ದಿನದ ಬೆಳಿಗ್ಗೆ ಅಂತ ಹೇಳಿದ ಕೂಡಲೇ ದಿನವೇ ಯಜಮಾನ, ‘ಆನ್ ಸಂಡೇ ಮಾರ್ನಿಂಗ್’. ರಾತ್ರಿಗೆ ಮಾತ್ರ ‘ಅಟ್ ನೈಟ್’. ಇದು ಯಾಕೆ ಹೀಗೆ ಅಂತ ಕೇಳಿದ ಮಗುವಿಗೆ ಕೊಡುವಂಥ ಉತ್ತರ ನನಗೆ ಯಾವ ವ್ಯಾಕರಣದಲ್ಲೂ ಸಿಗಲಿಲ್ಲ, ಅದನ್ನು ಹಾಗೇ ಒಪ್ಪಿಕೊಳ್ಳಬೇಕು.

ಜಾಗದ್ದು ಹೀಗೆ. ಒಂದು ಬಿಂದು ಅಂತ ನೋಡಿದರೆ ‘ಅಟ್’. ಒಂದು ಗೆರೆ ಅಥವಾ ಮೇಲ್ಮೈ ಅಂತ ನೋಡಿದರೆ ‘ಆನ್’. ಸುತ್ತ ಎಲ್ಲೆ ಇರುವ ಜಾಗ ಅಂತ ನೋಡಿದರೆ ‘ಇನ್’. ಆನ್ ಎನ್‌ಎಚ್ 66, ಅಟ್ ಕರಾವಳಿ ಜಂಕ್ಷನ್, ಇನ್ ಉಡುಪಿ. ಗಮನಿಸಿ, ‘ಅಂತ ನೋಡಿದರೆ’ ಅಂದೆ. ಜಾಗ ಅದೇ ಇದ್ದರೂ ನಾವು ನೋಡುವ ರೀತಿ ಬದಲಾದರೆ ಪ್ರಿಪೊಸಿಷನ್ ಬದಲಾಗುತ್ತದೆ. ನಿಮ್ಮ ಹಾಲಿನ ವಿಷಯದಲ್ಲಿ ಅಟ್, ಇನ್ ಎರಡೂ ಸರಿಯಾಗುವುದು ಇದಕ್ಕೇ.

ಹಂಪನಕಟ್ಟೆ ಹರಟೆ:
ಊರಿನ ಹೆಸರಿಗಾದರೂ ಯಾವಾಗಲೂ ‘ಇನ್’ ಅಲ್ವಾ ಮೇಷ್ಟ್ರೇ? ‘ಅಟ್ ಉಡುಪಿ’ ಅಂತ ಬರೆಯುವುದು ಹಳೇ ಕಾಲದ ಗುಮಾಸ್ತರ ಇಂಗ್ಲಿಷ್.

ಕುಂದಾಪುರ ಮೇಷ್ಟ್ರು:
ಯಾವಾಗಲೂ ಅಲ್ಲ. ‘ಐ ಲಿವ್ ಇನ್ ಉಡುಪಿ’ ಸರಿ. ಆದರೆ ‘ದ ಟ್ರೈನ್ ಸ್ಟಾಪ್ಸ್ ಅಟ್ ಉಡುಪಿ’. ರೈಲಿನ ದಾರಿಯಲ್ಲಿ ಉಡುಪಿ ಒಂದು ಬಿಂದು. ನೀವಿರುವಾಗ ಅದು ಊರು, ರೈಲು ನಿಲ್ಲುವಾಗ ಅದು ನಿಲ್ದಾಣ. ಇನ್ನು ದಿಕ್ಕು ಹೇಳುವಾಗಲೂ ಇದೇ ಕಥೆ. ಬೀದರ್ ಇರುವುದು ‘ಇನ್ ದ ನಾರ್ತ್ ಆಫ್ ಕರ್ನಾಟಕ’, ಒಳಗೆ. ಉಡುಪಿ ಇರುವುದು ‘ಟು ದ ನಾರ್ತ್ ಆಫ್ ಮಂಗಳೂರು’, ಹೊರಗೆ.

ಬಿಜೈ ವಕೀಲೆ:
ಹರಟೆಯವರೇ, ಗುಮಾಸ್ತರನ್ನು ಬೈಯಬೇಡಿ. ಬಾಂಬೆ ಹೈಕೋರ್ಟಿನ ಪೂರ್ತಿ ಹೆಸರೇ ‘ಹೈಕೋರ್ಟ್ ಆಫ್ ಜುಡಿಕೇಚರ್ ಅಟ್ ಬಾಂಬೆ’. ಮದ್ರಾಸಿನದೂ ‘ಅಟ್ ಮದ್ರಾಸ್’. ಕೋರ್ಟು ಕೂರುವ ಜಾಗ ಅಂತ ಲೆಕ್ಕ. ಈಗಲೂ ನಾವು ಅರ್ಜಿಯ ತಲೆಬರಹದಲ್ಲಿ ‘ಇನ್ ದ ಹೈಕೋರ್ಟ್ ಆಫ್ ಕರ್ನಾಟಕ ಅಟ್ ಬೆಂಗಳೂರು’ ಅಂತಲೇ ಹಾಕುವುದು. ಒಂದೇ ಸಾಲಿನಲ್ಲಿ ಇನ್, ಆಫ್, ಅಟ್ ಮೂರೂ ಬಂತು ನೋಡಿ.

ಹಂಪನಕಟ್ಟೆ ಹರಟೆ:
ಇದು ಒಪ್ಪಿದೆ.

ಮಸ್ಕತ್ ಮರವಂತೆ:
ಇಲ್ಲಿ ನನ್ನ ಆಫೀಸಿನಲ್ಲಿ ಒಬ್ಬ ಬ್ರಿಟಿಷ್ ಮ್ಯಾನೇಜರ್, ಒಬ್ಬ ಅಮೆರಿಕನ್. ಒಬ್ಬರು ‘ಅಟ್ ದ ವೀಕೆಂಡ್’ ಅಂತಾರೆ, ಇನ್ನೊಬ್ಬರು ‘ಆನ್ ದ ವೀಕೆಂಡ್’. ಒಬ್ಬರಿಗೆ ‘ಡಿಫರೆಂಟ್ ಟು’ ಆಗುತ್ತದೆ, ಇನ್ನೊಬ್ಬರಿಗೆ ‘ಡಿಫರೆಂಟ್ ದ್ಯಾನ್’. ಯಾರದ್ದು ಸರಿ ಅಂತ ಹೇಳುವುದು?

ಕುಡ್ಲ ಕರಡು:
ಅವರವರ ದೇಶದಲ್ಲಿ ಅವರವರದ್ದು ಸರಿ. ನಮಗೆ ಬೇಕಾದ್ದು ಇಬ್ಬರೂ ಒಪ್ಪುವುದು. ‘ಡಿಫರೆಂಟ್ ಫ್ರಮ್’ ಎಲ್ಲ ಕಡೆ ನಡೆಯುತ್ತದೆ, ಅದನ್ನೇ ಹಿಡಿದುಕೊಳ್ಳಿ. ವೀಕೆಂಡಿಗೆ ಓದುವವರು ಯಾರು ಅಂತ ನೋಡಿ ಹಾಕಿ. ಒಂದೇ ಪತ್ರದಲ್ಲಿ ಎರಡನ್ನೂ ಹಾಕಬೇಡಿ, ಅಷ್ಟೇ.

ಹಂಪನಕಟ್ಟೆ ಹರಟೆ:
ಹಾಗಾದರೆ ಅಮೆರಿಕದವರು ಬದಲಿಸಿದರೆ ಅದು ಅಮೆರಿಕನ್ ಇಂಗ್ಲಿಷ್, ನಾವು ಬದಲಿಸಿದರೆ ತಪ್ಪು ಇಂಗ್ಲಿಷ್. ಇದು ಯಾವ ನ್ಯಾಯ? ‘ಫಿಲ್ ಅಪ್ ದ ಫಾರ್ಮ್’ ಅಂತ ಈ ದೇಶದಲ್ಲಿ ಎಲ್ಲ ಕೌಂಟರಿನಲ್ಲೂ ಹೇಳುತ್ತಾರೆ. ಬ್ರಿಟಿಷರು ‘ಫಿಲ್ ಇನ್’, ಅಮೆರಿಕದವರು ‘ಫಿಲ್ ಔಟ್’. ನಮ್ಮದು ‘ಫಿಲ್ ಅಪ್’. ಇನ್, ಔಟ್ ಅಂತ ಅವರೇ ಒಬ್ಬರಿಗೊಬ್ಬರು ವಿರುದ್ಧ ಹೋಗಿರುವಾಗ ನಮ್ಮ ‘ಅಪ್’ ಮಾತ್ರ ಯಾಕೆ ಕೆಂಪು ಪೆನ್ನಿಗೆ ಸಿಗಬೇಕು? ಕೋಟಿಗಟ್ಟಲೆ ಜನ ದಿನಾ ಬಳಸುವ ಮಾತು ತಪ್ಪಾಗಲು ಸಾಧ್ಯವೇ ಇಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕುಂದಾಪುರ ಮೇಷ್ಟ್ರು:
‘ಫಿಲ್ ಅಪ್’ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಉಂಟು. ಭಾರತದೊಳಗೆ ಅದು ನಿಂತ ಮಾತು, ಅದನ್ನು ತಪ್ಪು ಅಂತ ಹೊಡೆದುಹಾಕಲು ನನಗೂ ಮನಸ್ಸಿಲ್ಲ. ಆದರೆ ಹೊರದೇಶಕ್ಕೆ ಹೋಗುವ ಪತ್ರದಲ್ಲಿ ಹಾಕಿದರೆ ಓದುವವರು ಟ್ಯಾಂಕಿಗೆ ಪೆಟ್ರೋಲು ತುಂಬಿಸುವುದನ್ನು ನೆನೆಸಿಕೊಳ್ಳುತ್ತಾರೆ. ಪತ್ರ ಯಾರಿಗೆ ಹೋಗುತ್ತದೆ ಅನ್ನುವುದೇ ಮುಖ್ಯ.

ಮಣಿಪಾಲ ಸಿಸ್ಟರ್:
ನಾನು ನರ್ಸ್. ‘ಅರ್ಥ ಆದರೆ ಸಾಕು’ ಅನ್ನುವ ಮಾತು ನಮ್ಮಲ್ಲಿ ನಡೆಯುವುದಿಲ್ಲ. ಇನ್ಸುಲಿನ್ 10 ಯೂನಿಟ್ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ‘ಇಂಕ್ರೀಸ್ ಟು 12’ ಅಂದರೆ 12 ಕೊಡಬೇಕು. ‘ಇಂಕ್ರೀಸ್ ಬೈ 12’ ಅಂದರೆ 22 ಆಗುತ್ತದೆ. ಎರಡೇ ಅಕ್ಷರದ ವ್ಯತ್ಯಾಸ. ಇಲ್ಲಿ ಭಾರತದ ಇಂಗ್ಲಿಷ್, ಅಮೆರಿಕದ ಇಂಗ್ಲಿಷ್ ಅಂತ ಇಲ್ಲ, ಪ್ರಪಂಚದಲ್ಲಿ ಎಲ್ಲ ಕಡೆ ಒಂದೇ ಅರ್ಥ. ಸಂಶಯ ಬಂದರೆ ನಾವು ಫೋನ್ ಮಾಡಿ ಕೇಳಿಯೇ ಕೊಡುವುದು.

ಹಾಗೇ ‘ಆಪರೇಟೆಡ್ ದ ಪೇಷೆಂಟ್’ ಅಂತ ತುಂಬಾ ಜನ ಬರೆಯುತ್ತಾರೆ. ಮೆಷಿನನ್ನು ಆಪರೇಟ್ ಮಾಡುವುದು, ಮನುಷ್ಯರನ್ನು ‘ಆಪರೇಟ್ ಆನ್’. ‘ಅಡ್ಮಿಟೆಡ್ ಟು ದ ಹಾಸ್ಪಿಟಲ್’, ‘ಅಲರ್ಜಿಕ್ ಟು ಪೆನಿಸಿಲಿನ್’, ‘ಡಯಾಗ್ನೋಸ್ಡ್ ವಿತ್ ಡೆಂಗಿ’. ಜ್ವರ ಇತ್ತು ಅಂತ ಸೇರಿಸಿದರೆ ‘ಅಡ್ಮಿಟೆಡ್ ವಿತ್ ಫೀವರ್’, ಸರ್ಜರಿ ಮಾಡಿಸಲು ಸೇರಿಸಿದರೆ ‘ಅಡ್ಮಿಟೆಡ್ ಫಾರ್ ಸರ್ಜರಿ’. ವಿತ್ ಅಂದರೆ ಬರುವಾಗ ತಂದದ್ದು, ಫಾರ್ ಅಂದರೆ ಇಲ್ಲಿ ಆಗಬೇಕಾದದ್ದು.

ಕುಡ್ಲ ಕರಡು:
ಸಿಸ್ಟರ್ ಹೇಳಿದ ಬೈ, ಟು ಅಂಗಡಿಯಲ್ಲೂ ಉಂಟು. ‘ಪ್ರೈಸ್ ರೆಡ್ಯೂಸ್ಡ್ ಬೈ 200’ ಅಂದರೆ 200 ರೂಪಾಯಿ ಕಡಿಮೆ. ‘ರೆಡ್ಯೂಸ್ಡ್ ಟು 200’ ಅಂದರೆ ಈಗ 200ಕ್ಕೆ ಸಿಗುತ್ತದೆ. ಸೀರೆ ಅಂಗಡಿಯ ಬ್ಯಾನರ್ ಅಚ್ಚು ಹಾಕುವ ಮೊದಲು ನಾವು ಇದನ್ನು ಗಿರಾಕಿಯ ಹತ್ತಿರ ಎರಡು ಸಲ ಕೇಳುತ್ತೇವೆ.

ಮಲ್ಪೆ ಬಂದರು:
ನಮ್ಮ ಕಡೆಯದು ಒಂದು ಹೇಳುತ್ತೇನೆ. ಎರಡು ಎಫ್ ಇರುವ ‘ಆಫ್’. ಪೇಪರಿನಲ್ಲಿ ‘ಬೋಟ್ ಕ್ಯಾಪ್ಸೈಜ್ಡ್ ಆಫ್ ಮಲ್ಪೆ’ ಅಂತ ಬರುತ್ತದೆ. ಅದರ ಅರ್ಥ ಮಲ್ಪೆಯ ಎದುರಿನ ಕಡಲಿನಲ್ಲಿ, ದಡದಿಂದ ಹೊರಗೆ. ‘ಅಟ್ ಮಲ್ಪೆ’ ಅಂದರೆ ಬಂದರಿನಲ್ಲಿ ಅಂತ ತಿಳಿಯುತ್ತಾರೆ, ‘ಇನ್ ಮಲ್ಪೆ’ ಅಂದರೆ ಊರೊಳಗೆ. ನೆರೆಮನೆಯವರ ಬೋಟು ಮುಳುಗಿದಾಗ ಕ್ಲೇಮಿನ ಕಾಗದದಲ್ಲಿ ಯಾರೋ ‘ಇನ್ ಮಲ್ಪೆ’ ಅಂತ ಬರೆದುಕೊಟ್ಟಿದ್ದರು. ವಿಮೆಯವರು ಬಂದರಿನೊಳಗೆ ಬೋಟು ಹೇಗೆ ಮುಳುಗಿತು ಅಂತ ತಿರುಗಿ ಪತ್ರ ಬರೆದರು. ಆಮೇಲೆ ‘12 ನಾಟಿಕಲ್ ಮೈಲ್ಸ್ ಆಫ್ ಮಲ್ಪೆ’ ಅಂತ ಸರಿಮಾಡಿ ಕೊಟ್ಟದ್ದು. ದೂರವೂ ಬೇಕು, ‘ಆಫ್’ ಕೂಡ ಬೇಕು.

ಸುರತ್ಕಲ್ ಸಂಪಿಗೆ:
ಹಾಗಾದರೆ ಬೋಟಿನಲ್ಲಿ ಹೋಗುವುದಕ್ಕೆ ಇನ್ ಆ, ಆನ್ ಆ? ಬಸ್ಸಿಗೆ ಆನ್, ಕಾರಿಗೆ ಇನ್ ಅಂತ ಮಗಳ ಪುಸ್ತಕದಲ್ಲಿ ಉಂಟು. ಯಾಕೆ ಅಂತ ಅವಳಿಗೆ ಟೀಚರ್ ಹೇಳಲಿಲ್ಲವಂತೆ.

ಕುಂದಾಪುರ ಮೇಷ್ಟ್ರು:
ಎದ್ದು ನಿಂತು ಓಡಾಡಲು ಆಗುವ ವಾಹನಕ್ಕೆ ಆನ್: ಬಸ್ಸು, ರೈಲು, ವಿಮಾನ, ಹಡಗು. ತಲೆ ಬಗ್ಗಿಸಿ ಒಳಗೆ ಹೋಗಿ ಕೂತುಬಿಡುವುದಕ್ಕೆ ಇನ್: ಕಾರು, ಆಟೋ. ಸೈಕಲ್, ಬೈಕು ಆನ್, ಯಾಕೆಂದರೆ ಮೇಲೆ ಕೂರುವುದು. ಸಣ್ಣ ದೋಣಿಗೆ ಇನ್, ದೊಡ್ಡ ಬೋಟಿಗೆ ಆನ್. ಆದರೆ ‘ಇಟ್ ವಾಸ್ ಹಾಟ್ ಇನ್ ದ ಬಸ್’ ಅಂದರೆ ತಪ್ಪಲ್ಲ, ಅಲ್ಲಿ ನಾವು ಬಸ್ಸಿನ ಒಳಗಿನ ಸೆಕೆಯ ಬಗ್ಗೆ ಮಾತಾಡುತ್ತಿದ್ದೇವೆ.

ಕೊಡಿಯಾಲ್ ಕೊಂಕಣಿ:
ಕನ್ನಡದವರಿಗೆ ಇನ್, ಆನ್ ಕಷ್ಟ ಆಗುವುದಕ್ಕೆ ಕಾರಣ ‘ಅಲ್ಲಿ’. ಮನೆಯಲ್ಲಿ, ರಸ್ತೆಯಲ್ಲಿ, ಸ್ಟಾಪಿನಲ್ಲಿ, ಎಲ್ಲಕ್ಕೂ ಅದೊಂದೇ. ನಮ್ಮ ಕೊಂಕಣಿಯಲ್ಲಿ ಒಳಗಿದ್ದರೆ ‘ಘರಾಂತ್’, ಮೇಲಿದ್ದರೆ ‘ಮೆಜಾರ್’, ‘ರಸ್ತ್ಯಾರ್’. ಬಾಲವೇ ಬೇರೆ. ಇನ್, ಆನ್ ನಮಗೆ ಅಷ್ಟು ಕಷ್ಟ ಆಗಲೇ ಇಲ್ಲ.

ಮಲ್ಪೆ ಬಂದರು:
ತುಳುವಿನಲ್ಲಿ ಮನೆಯಲ್ಲಿ ಅನ್ನಲು ‘ಇಲ್ಲಡ್’, ಮಂಗಳೂರಿನಲ್ಲಿ ಅನ್ನಲು ‘ಕುಡ್ಲಡ್’. ಮೇಲಿದ್ದರೆ ‘ಮಿತ್ತ್’ ಅಂತ ಸೇರಿಸುತ್ತೇವೆ. ಕೊಂಕಣಿಯವರಿಗೆ ಮಾತ್ರ ಇಂಗ್ಲಿಷ್ ಸುಲಭ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕೊಡಿಯಾಲ್ ಕೊಂಕಣಿ:
ಇಂಗ್ಲಿಷ್ ಪೂರ್ತಿ ಸುಲಭ ಅಂತ ನಾನು ಹೇಳಲಿಲ್ಲ ಅಣ್ಣ. ಈ ಎರಡು ಶಬ್ದದ ಮಟ್ಟಿಗೆ ಹೇಳಿದೆ.

ಬಿಜೈ ವಕೀಲೆ:
ಮಾತು ಭಾಷೆಯ ಬಾಲಕ್ಕೆ ಹೋಯಿತು ಅಂತ ನೆನಪಾಯಿತು. ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. ಅವರ ಮನೆಮಾತು ಜರ್ಮನ್. ಪರಭಾಷೆಯ ಇಂಗ್ಲಿಷಿನಲ್ಲಿ ಇನ್ನೊಂದು ಪರಭಾಷೆಯ ಕನ್ನಡಕ್ಕೆ ಅರ್ಥ ಬರೆದರು. ‘ಗೆ’, ‘ಇಂದ’, ‘ಅಲ್ಲಿ’ ಇವುಗಳಿಗೆ ಟು, ಫ್ರಮ್, ಇನ್ ಅಂತ ಜೋಡಿಸುತ್ತಾ ಕೂತವರ ತಾಳ್ಮೆ ಎಷ್ಟಿರಬೇಕು. 1903ರಲ್ಲಿ ಅವರ ವ್ಯಾಕರಣವೂ ಇಂಗ್ಲಿಷಿನಲ್ಲೇ ಬಂತು. ಆ ಮಿಷನ್ ಇದ್ದ ಬಲ್ಮಠದ ಕಡೆ ಹೋಗುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ವಾಮಂಜೂರು ವಿದ್ಯಾರ್ಥಿ:
ವಿಷಯ ಬೇರೆ ಕಡೆ ಹೋಯಿತು. ನನಗೆ ಕ್ಯಾಂಪಸ್ ಇಂಟರ್ವ್ಯೂ ಉಂಟು. ‘ಐ ಆ್ಯಮ್ ಸ್ಟಡಿಯಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ತಪ್ಪು ಅಂತ ಸೀನಿಯರ್ ಹೇಳಿದರು. ಏನು ತಪ್ಪು?

ಕುಡ್ಲ ಕರಡು:
ಎರಡು ತಪ್ಪು. ‘ಸಿನ್ಸ್’ ಆದ ಮೇಲೆ ಶುರುವಾದ ಹೊತ್ತು ಬರಬೇಕು, ಸಿನ್ಸ್ 2022. ಎಷ್ಟು ಕಾಲ ಅಂತ ಹೇಳುವುದಾದರೆ ‘ಫಾರ್’, ಫಾರ್ ತ್ರೀ ಇಯರ್ಸ್. ಕನ್ನಡದಲ್ಲಿ ಮೂರು ವರ್ಷದಿಂದ, 2022ರಿಂದ, ಎರಡಕ್ಕೂ ‘ಇಂದ’ ಬರುವುದರಿಂದ ಇಲ್ಲಿ ಎಲ್ಲರೂ ಜಾರುತ್ತಾರೆ. ಕ್ರಿಯಾಪದವನ್ನೂ ಬದಲಿಸಿ: ‘ಐ ಹ್ಯಾವ್ ಬೀನ್ ಸ್ಟಡಿಯಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’.

ವಾಮಂಜೂರು ವಿದ್ಯಾರ್ಥಿ:
ಥ್ಯಾಂಕ್ಸ್ ಅಣ್ಣ. ಕ್ರಿಯಾಪದದ ಬಾಲಕ್ಕೆ ಬರುವುದು ಅಂತ ಮೇಷ್ಟ್ರು ಹೇಳಿದ್ದನ್ನು ಕಲಿಯುವುದು ಹೇಗೆ? ಅದೇ ಜಾಸ್ತಿ ಇರುವುದು.

ಕುಂದಾಪುರ ಮೇಷ್ಟ್ರು:
ಬಿಡಿ ಪದವನ್ನು ಬರೆದುಕೊಳ್ಳಲೇಬೇಡ ಮಗಾ. ನೋಟ್ಸಿನಲ್ಲಿ ‘ಡಿಪೆಂಡ್’ ಅಂತ ಬರೆದರೆ ಅದು ಅರ್ಧ ಪದ. ‘ಡಿಪೆಂಡ್ ಆನ್’ ಅಂತ ಬರೆ. ‘ಇನ್ಸಿಸ್ಟ್ ಆನ್’, ‘ಗುಡ್ ಅಟ್’, ‘ಇಂಟರೆಸ್ಟೆಡ್ ಇನ್’, ‘ಕೇಪಬಲ್ ಆಫ್’. ಎಳನೀರು ಕೊಚ್ಚುವವ ಕಾಯಿಯನ್ನು ತೊಟ್ಟಿನ ಜೊತೆಗೇ ಕೀಳುವ ಹಾಗೆ ಪದವನ್ನು ಅದರ ಪ್ರಿಪೊಸಿಷನ್ ಜೊತೆಗೇ ತೆಗೆದುಕೊಳ್ಳಬೇಕು. ಬರೀ ಪದ ಕಲಿತು ಆಮೇಲೆ ಬಾಲ ಹುಡುಕುವಾಗಲೇ ಕನ್ನಡದ ‘ಗೆ’, ‘ಇಂದ’ ಬಂದು ಅಡ್ಡ ನಿಲ್ಲುವುದು. ‘ಮ್ಯಾರೀಡ್ ವಿತ್’ ಅಂತ ಬರೆಯುವುದು ನಮ್ಮ ‘ಜೊತೆ’ಯಿಂದ. ಇಂಗ್ಲಿಷಿನಲ್ಲಿ ‘ಮ್ಯಾರೀಡ್ ಟು’.

ಇನ್ನೊಂದು ಗುಟ್ಟು ಹೇಳುತ್ತೇನೆ, ಇದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿರುವುದು ಕಡಿಮೆ. ‘ಡಿಸ್ಕಸ್ ಅಬೌಟ್’ ಎಲ್ಲಿಂದ ಬಂತು? ‘ಡಿಸ್ಕಶನ್ ಅಬೌಟ್’ ಅನ್ನುವುದು ಸರಿಯಾದ ಮಾತು, ಅಲ್ಲಿಂದ ಕ್ರಿಯಾಪದಕ್ಕೂ ಅಂಟಿಕೊಂಡಿತು. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ಆದರೆ ‘ಐ ರಿಕ್ವೆಸ್ಟೆಡ್ ಲೀವ್’. ‘ಎಂಫಸಿಸ್ ಆನ್ ಕ್ಲೆನ್‌ಲಿನೆಸ್’ ಸರಿ, ಆದರೆ ‘ಎಂಫಸೈಜ್ ಕ್ಲೆನ್‌ಲಿನೆಸ್’. ‘ಆ್ಯನ್ ಆರ್ಡರ್ ಫಾರ್ ಟೂ ದೋಸಾಸ್’ ಸರಿ, ಆದರೆ ‘ವಿ ಆರ್ಡರ್ಡ್ ಟೂ ದೋಸಾಸ್’. ನಾಮಪದಕ್ಕೆ ಬೇಕು, ಕ್ರಿಯಾಪದಕ್ಕೆ ಬೇಡ. ಇದೊಂದು ತಿಳಿದರೆ ನಮ್ಮ ಕಡೆಯ ಎಷ್ಟೋ ತಪ್ಪು ಒಟ್ಟಿಗೆ ಹೋಗುತ್ತದೆ.

ಮಸ್ಕತ್ ಮರವಂತೆ:
ನಾಮಪದ ಕ್ರಿಯಾಪದದ ಮಾತು ಕೇಳಿ ಕಣ್ಣು ತೆರೆಯಿತು ಮೇಷ್ಟ್ರೇ. ಇದನ್ನು ಯಾವ ಕ್ಲಾಸಿನಲ್ಲೂ ಯಾರೂ ಹೇಳಿರಲಿಲ್ಲ. ಉಲ್ಟಾ ಕೂಡ ಇರುತ್ತದಲ್ಲ, ಬೇಕಾದ ಕಡೆ ಬಿಟ್ಟುಬಿಡುವುದು? ‘ಅಪ್ಲೈ ಲೀವ್’ ಅಂತ ಎಲ್ಲರೂ ಬರೆಯುತ್ತಾರೆ.

ಕುಡ್ಲ ಕರಡು:
ಹೌದು. ‘ಅಪ್ಲೈ ಫಾರ್ ಲೀವ್’. ‘ಎಕ್ಸ್‌ಪ್ಲೇನ್ ಮೀ’ ಅಲ್ಲ, ‘ಎಕ್ಸ್‌ಪ್ಲೇನ್ ಟು ಮೀ’. ‘ಲಿಸನ್ ಟು ಮೀ’. ‘ಟೋಲ್ಡ್ ಮೀ’ಗೆ ಬೇಡ, ‘ಸೆಡ್ ಟು ಮೀ’ಗೆ ಬೇಕು. ಮತ್ತೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್, ಪ್ರಯರ್, ಇವೆಲ್ಲ ಲ್ಯಾಟಿನ್‌ನಿಂದ ಬಂದವು, ಇವಕ್ಕೆ ‘ದ್ಯಾನ್’ ಆಗುವುದಿಲ್ಲ, ‘ಟು’ ಬೇಕು. ‘ಹಿ ಈಸ್ ಸೀನಿಯರ್ ಟು ಮೀ’.

ಸುರತ್ಕಲ್ ಸಂಪಿಗೆ:
ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಲೇಬಾರದು ಅಂತ ನಮ್ಮ ಕಾಲದಲ್ಲಿ ಹೇಳಿಕೊಟ್ಟಿದ್ದರು. ಮಗಳು ‘ದ ಹೌಸ್ ವಿ ಲಿವ್ ಇನ್’ ಅಂತ ಬರೆದದ್ದಕ್ಕೆ ಮಾರ್ಕು ಹೋಗಿದೆ. ಅದು ನ್ಯಾಯವಾ?

ಕುಂದಾಪುರ ಮೇಷ್ಟ್ರು:
ಅನ್ಯಾಯ. ಆ ಮಗುವಿಗೆ ಮಾರ್ಕು ಸಿಗಬೇಕಿತ್ತು. 1672ರಲ್ಲಿ ಜಾನ್ ಡ್ರೈಡನ್ ಅನ್ನುವ ಕವಿ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ವಾಕ್ಯಗಳಲ್ಲಿ ಇದನ್ನು ದೋಷ ಅಂತ ಎತ್ತಿ ತೋರಿಸಿದ. ಆಮೇಲೆ ವ್ಯಾಕರಣದವರು ಅದನ್ನು ಹಿಡಿದುಕೊಂಡರು. ಲ್ಯಾಟಿನ್ನಿನಲ್ಲಿ ಹಾಗೆ ಬರುವುದಿಲ್ಲ ಅನ್ನುವುದು ಅವರ ವಾದ. ಇಂಗ್ಲಿಷ್ ಲ್ಯಾಟಿನ್ ಅಲ್ಲವಲ್ಲ. 1926ರಲ್ಲೇ ಫೌಲರ್ ಅನ್ನುವ ನಿಘಂಟುಕಾರ ಇಂಗ್ಲಿಷ್ ಬಳಕೆಯ ಬಗ್ಗೆ ಬರೆದ ನಿಘಂಟಿನಲ್ಲಿ ಇದನ್ನು ಮೂಢನಂಬಿಕೆ ಅಂತ ಕರೆದು ತಳ್ಳಿಹಾಕಿದ. ‘ವಾಟ್ ಆರ್ ಯು ವೇಟಿಂಗ್ ಫಾರ್’ ಅನ್ನುವುದನ್ನು ಬೇರೆ ಹೇಗೆ ಬರೆಯುವುದು? ತುಂಬಾ ಗಂಭೀರವಾದ ಪತ್ರದಲ್ಲಿ ‘ಇನ್ ವಿಚ್ ವಿ ಲಿವ್’ ಅಂತ ಹಾಕಬಹುದು, ಅದು ರುಚಿಯ ವಿಷಯ. ತಪ್ಪು ಸರಿಯ ವಿಷಯ ಅಲ್ಲ. ಟೀಚರ್ ಹತ್ತಿರ ಮರ್ಯಾದೆಯಿಂದಲೇ ಹೋಗಿ ಕೇಳಿ ಅಮ್ಮ, ಬಿಡಬೇಡಿ.

ಹಂಪನಕಟ್ಟೆ ಹರಟೆ:
ನೋಡಿ, ನಾನು ಹೇಳಿದ್ದೂ ಇದನ್ನೇ. ಯಾರೋ ಹೇಳಿದ ನಿಯಮಕ್ಕೆ ನಮ್ಮ ಮಕ್ಕಳ ಮಾರ್ಕು ಯಾಕೆ ಹೋಗಬೇಕು?

ಬಿಜೈ ವಕೀಲೆ:
ಇದರಲ್ಲಿ ನಿಮ್ಮ ಪರ ನಿಲ್ಲುತ್ತೇನೆ. ಸಿಸ್ಟರ್ ಹೇಳಿದ ಬೈ, ಟು ವಿಷಯದಲ್ಲಿ ಮಾತ್ರ ಇಲ್ಲ.

ವಾಮಂಜೂರು ವಿದ್ಯಾರ್ಥಿ:
ಸಂ‌ಶಯ ಬಂದಾಗ ಹುಡುಕುವುದು ಎಲ್ಲಿ? ಗೂಗಲ್ ಮಾಡಿದರೆ ತಪ್ಪೂ ಸಿಗುತ್ತದೆ, ಸರಿಯೂ ಸಿಗುತ್ತದೆ.

ಕುಡ್ಲ ಕರಡು:
ಕಲಿಯುವವರಿಗಾಗಿ ಮಾಡಿದ ನಿಘಂಟು ನೋಡು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜಿನದು ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅರ್ಥ ಓದಿ ಮುಚ್ಚಬೇಡ, ಕೆಳಗಿನ ಉದಾಹರಣೆ ವಾಕ್ಯಗಳನ್ನು ಓದು. ಪ್ರಿಪೊಸಿಷನ್ ಇರುವುದು ಅಲ್ಲೇ. ಎರಡರಲ್ಲಿ ಯಾವುದು ಹೆಚ್ಚು ಬಳಕೆಯಲ್ಲಿದೆ ಅಂತ ನೋಡಬೇಕಾದರೆ ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್ ಉಂಟು. ‘ಡಿಫರೆಂಟ್ ಫ್ರಮ್’, ‘ಡಿಫರೆಂಟ್ ಟು’ ಅಂತ ಕಾಮಾ ಕೊಟ್ಟು ಹಾಕಿದರೆ ಪುಸ್ತಕಗಳಲ್ಲಿ ಎಷ್ಟು ಬಂದಿದೆ ಅಂತ ಗೆರೆ ಎಳೆದು ತೋರಿಸುತ್ತದೆ, ಬ್ರಿಟಿಷ್ ಅಮೆರಿಕನ್ ಬೇರೆ ಬೇರೆ ಮಾಡಿಯೂ ನೋಡಬಹುದು. ಇನ್ನೂ ಆಳಕ್ಕೆ ಹೋಗಬೇಕಾದರೆ ಕೋಕಾ ಅನ್ನುವ ಅಮೆರಿಕನ್ ಪದಸಂಗ್ರಹ ಉಂಟು, ನೂರು ಕೋಟಿಗೂ ಮಿಕ್ಕಿ ಪದಗಳದ್ದು. ಇಂಟರ್ವ್ಯೂಗೆ ಅಷ್ಟೆಲ್ಲ ಬೇಡ, ನಿಘಂಟು ಸಾಕು.

ಮಲ್ಪೆ ಬಂದರು:
ನನ್ನದು ಕೊನೆಯ ಪ್ರಶ್ನೆ. ಪ್ರವಾಸಿಗರಿಗೆ ಬೋರ್ಡ್ ಬರೆಸಬೇಕು. ಸೇಂಟ್ ಮೇರೀಸ್ ದ್ವೀಪದಲ್ಲಿ ಪ್ಲಾಸ್ಟಿಕ್ ಬಿಸಾಡಬೇಡಿ ಅಂತ. ‘ಇನ್ ದ ಐಲ್ಯಾಂಡ್’ ಅಂತ ಪೇಂಟರ್ ಬರೆದು ತಂದಿದ್ದಾನೆ.

ಕುಂದಾಪುರ ಮೇಷ್ಟ್ರು:
‘ಆನ್ ದ ಐಲ್ಯಾಂಡ್’. ಬೀಚಿಗೂ ‘ಆನ್ ದ ಬೀಚ್’. ದ್ವೀಪ ಒಂದು ದೇಶವಾಗಿದ್ದರೆ, ದೇಶ ಅಂತಲೇ ಹೇಳುವಾಗ ‘ಇನ್’ ಬರುತ್ತದೆ, ‘ಇನ್ ಶ್ರೀಲಂಕಾ’. ಮೇರೀಸ್ ದ್ವೀಪಕ್ಕೆ ‘ಆನ್’ ಹಾಕಿಸಿ. ಮತ್ತೆ ‘ಥ್ರೋ ಪ್ಲಾಸ್ಟಿಕ್ ಇನ್ ದ ಬಿನ್’ ಅಂತ ಕೆಳಗೆ ಬರೆಸುವುದಾದರೆ ಅದು ‘ಇನ್’ ಇರಲಿ, ‘ಇಂಟು’ ಕೂಡ ಆಗುತ್ತದೆ. ಪೇಂಟ್ ಒಣಗುವ ಮೊದಲು ಅವನಿಗೆ ಫೋನ್ ಮಾಡಿ.